ಮರದ ಆನೆಗಳ ಲೆಕ್ಕ: 16 ವಾರದ ಹಣದ ಹಾಳೆ ಕಟ್ಟಿದ್ದು, ಎಲ್ಲೆಲ್ಲಿ ತಪ್ಪಿದ್ದು

ಅಕ್ಕ ಮತ್ತು ನಾನು ಸೇರಿ ಮರದ ಆಟಿಕೆ ಮಾಡುತ್ತೇವೆ. ಜಾಸ್ತಿ ಹೋಗುವುದು ದಾರ ಕಟ್ಟಿ ಎಳೆಯುವ ಆನೆ. ಕಳೆದ ವರ್ಷ ಮಾರಾಟ ಚೆನ್ನಾಗಿಯೇ ಇತ್ತು. ಆದರೂ ಉಡುಗೊರೆಯ ಕಾಲ ಶುರುವಾಗುವ ಹದಿನೈದು ದಿನ ಮುಂಚೆ ಮರದವರಿಗೆ ಕೊಡಲು ಕೈಯಲ್ಲಿ ಹಣವಿರಲಿಲ್ಲ, ಸಾಲ ತಂದೆವು. ಮಾರಾಟ ಇದೆ, ಹಣ ಇಲ್ಲ, ಯಾಕೆ ಅಂತ ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈ ಸಲ ಅದನ್ನು ಮೊದಲೇ ಕಣ್ಣಲ್ಲಿ ನೋಡಬೇಕು ಅಂತ ಲೆಕ್ಕದ ಹಾಳೆ ಕಟ್ಟಲು ಕೂತೆ. ಕಟ್ಟಿದ ಕ್ರಮದಲ್ಲೇ ತಪ್ಪುಗಳ ಸಮೇತ ಬರೆಯುತ್ತಿದ್ದೇನೆ. ಈಗ ನಾವು 9ನೇ ವಾರದಲ್ಲಿದ್ದೇವೆ, ಕೆಲಸ ಇನ್ನೂ ಮುಗಿದಿಲ್ಲ.

ಬಳಸಿದ ಸಾಮಾನು: ಹಳೆಯ ಆರ್ಡರ್ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಫೋನಿನ ಸ್ಟಾಪ್‌ವಾಚ್, ಪೆನ್ಸಿಲ್, ಉಚಿತವಾಗಿ ಸಿಗುವ ಒಂದು ಸ್ಪ್ರೆಡ್‌ಶೀಟ್. ಖರ್ಚು ಏನೂ ಇಲ್ಲ. ಹೊತ್ತು ಮಾತ್ರ ಆರು ಸಂಜೆ ಹಿಡಿಯಿತು, ಸುಮಾರು 14 ಗಂಟೆ.

ಹಣವನ್ನು ಅಂಕಗಳಲ್ಲಿ ಬರೆಯುತ್ತೇನೆ. ಒಂದು ಆನೆಯನ್ನು ನಾವೇ ನೇರವಾಗಿ ಮಾರುವ ಬೆಲೆ 100 ಅಂಕ. ಉಳಿದದ್ದೆಲ್ಲ ಅದಕ್ಕೆ ಹೋಲಿಸಿ. ಹೀಗಿದ್ದರೆ ಯಾರು ಬೇಕಾದರೂ ತಮ್ಮ ಬೆಲೆ ಹಾಕಿ ನೋಡಬಹುದು. ಬುಗುರಿ, ಪೇರಿಸುವ ಬಳೆ ಮುಂತಾದ ಬೇರೆ ಆಟಿಕೆಗಳನ್ನೂ ಆನೆಯ ಲೆಕ್ಕಕ್ಕೇ ತಂದಿದ್ದೇನೆ, ಐದಾರು ಬುಗುರಿ ಸೇರಿದರೆ ಒಂದು ಆನೆ.

ಹಂತ 1: ಮೊದಲ ಹಾಳೆ, ಒಂದೇ ಸಂಜೆಗೆ ಬಿತ್ತು

ಮೊದಲ ಸಂಜೆ ನಾನು ಮಾಡಿದ್ದು ತುಂಬ ಸುಲಭದ ಕೆಲಸ. ಮೊದಲ ತಿಂಗಳು 80 ಆನೆ, ಆಮೇಲೆ ಪ್ರತಿ ತಿಂಗಳು ಶೇಕಡ 10 ಜಾಸ್ತಿ. ಒಂದು ಸೂತ್ರ ಬರೆದು ಹನ್ನೆರಡು ಕಾಲಂ ಎಳೆದೆ. ಕೊನೆಯ ತಿಂಗಳಲ್ಲಿ 228 ಬಂತು. ನೋಡಿ ಖುಷಿಯಾಯಿತು, ಅಕ್ಕನಿಗೆ ತೋರಿಸಿದೆ.

ಅಕ್ಕ ಕೇಳಿದ್ದು ಒಂದೇ ಮಾತು. "228 ಆನೆ ಉಜ್ಜೋದು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತಿಂಗಳಿಗೆ ಎಷ್ಟು ಆನೆ ಮಾಡಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದಿಂದ ಮಾಡುತ್ತಿದ್ದೇವೆ, ಒಂದು ದಿನವೂ ಅಳೆದಿರಲಿಲ್ಲ. ಆ ಹಾಳೆ ಅಳಿಸಿದೆ.

ಹಂತ 2: ಸ್ಟಾಪ್‌ವಾಚ್ ಇಟ್ಟು ಮೂರು ವಾರ

ಒಂದು ಆನೆಗೆ 35 ನಿಮಿಷ ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಹತ್ತತ್ತು ಆನೆಯ ಕಂತುಗಳಲ್ಲಿ ಅಳೆದು, ಹತ್ತರಿಂದ ಭಾಗಿಸಿದಾಗ ಒಂದಕ್ಕೆ ಸಿಕ್ಕಿದ್ದು ಹೀಗೆ: ಗರಗಸದಲ್ಲಿ ಕತ್ತರಿಸಲು 12 ನಿಮಿಷ, ತೂತು ಕೊರೆಯಲು 4, ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಲು 19, ಎರಡು ಸಲ ಬಣ್ಣಕ್ಕೆ 11, ಅಚ್ಚು ಮತ್ತು ಚಕ್ರ ಕೂರಿಸಲು 6, ದಾರ ಕಟ್ಟಿ ಪೆಟ್ಟಿಗೆಗೆ ಹಾಕಲು 5. ಒಟ್ಟು 57. ಅಂದರೆ ನಾನು ಹೇಳುತ್ತಿದ್ದ 35 ಬರೀ ಕತ್ತರಿಸಿ, ಕೊರೆದು, ಉಜ್ಜುವ ಹೊತ್ತು. ಬಣ್ಣದಿಂದ ಮುಂದಿನದು ಕೆಲಸ ಅಂತಲೇ ಲೆಕ್ಕಕ್ಕೆ ಬಂದಿರಲಿಲ್ಲ.

ಉಜ್ಜುವುದೇ 19 ನಿಮಿಷ. ಸೊಂಡಿಲಿನ ಒಳಮಗ್ಗುಲಿಗೆ ಯಂತ್ರ ಹೋಗುವುದಿಲ್ಲ, ಸ್ಯಾಂಡ್‌ಪೇಪರನ್ನು ಬೆರಳಿಗೆ ಸುತ್ತಿಕೊಂಡು ಕೈಯಲ್ಲೇ ಉಜ್ಜಬೇಕು. ಮಗು ಬಾಯಿಗೆ ಹಾಕುವುದು ಸೊಂಡಿಲನ್ನೇ, ಹಾಗಾಗಿ ಅಲ್ಲಿ ಬೇಗ ಮುಗಿಸೋಣ ಅನ್ನುವ ಹಾಗಿಲ್ಲ. ಈ 19ನ್ನು 15ಕ್ಕೆ ಇಳಿಸಿದರೆ ಎಷ್ಟು ಉಳಿಯುತ್ತದೆ ಅಂತ ಹಾಳೆಯಲ್ಲಿ ನೋಡುವ ಆಸೆಯಾಯಿತು. ನೋಡಲಿಲ್ಲ.

ಇದಲ್ಲದೆ 50 ಮಾಡಿದರೆ ಮಾರಲು ಬರುವುದು 46. ಉಳಿದ 4ರಲ್ಲಿ ಗಂಟು, ಬಿರುಕು, ಇಲ್ಲವೇ ಬಣ್ಣ ಇಳಿದದ್ದು. ಆ ನಾಲ್ಕರ ಹೊತ್ತನ್ನೂ ಉಳಿದವು ಹೊರಬೇಕು. 57ನ್ನು 50ರಿಂದ ಗುಣಿಸಿ 46ರಿಂದ ಭಾಗಿಸಿದರೆ 62 ನಿಮಿಷ.

ಅದೇ ಮೂರು ವಾರ ಇನ್ನೊಂದನ್ನೂ ಬರೆದಿಟ್ಟೆವು. ಇಬ್ಬರೂ ಸೇರಿ ವಾರಕ್ಕೆ 60 ಗಂಟೆ ಕೆಲಸದ ಕೋಣೆಯಲ್ಲಿರುತ್ತೇವೆ. ಅದರಲ್ಲಿ ಆಟಿಕೆ ಮಾಡಿದ ಹೊತ್ತು 37 ಗಂಟೆ. ಉಳಿದ 23 ಗಂಟೆ ಫೋಟೊ ತೆಗೆಯುವುದು, ಮೆಸೇಜಿಗೆ ಉತ್ತರ, ಪಾರ್ಸೆಲ್ ಕಳಿಸುವುದು, ಗುಡಿಸುವುದು, ಬಿಲ್ ಬರೆಯುವುದು. ಇವು ಬೇಡದ ಕೆಲಸ ಅಲ್ಲ. ಆದರೆ ಇವುಗಳಿಂದ ಆನೆ ಹುಟ್ಟುವುದಿಲ್ಲ.

ವಾರಕ್ಕೆ 37 ಅಂದರೆ ತಿಂಗಳಿಗೆ 160 ಗಂಟೆ, 9,600 ನಿಮಿಷ. 62ರಿಂದ ಭಾಗಿಸಿದರೆ 154 ಆನೆ. ನಮ್ಮ ನಾಲ್ಕು ಕೈಗಳ ಮಿತಿ ಇದು. ಅಳಿಸಿದ ಮೊದಲ ಹಾಳೆ ಎಂಟನೇ ತಿಂಗಳಿಗೇ 156 ಕೇಳುತ್ತಿತ್ತು.

ಹಂತ 3: ಒಂದು ಆನೆಯ ನಿಜವಾದ ಖರ್ಚು

ಸಾಮಾನು: ಮರ 12, ಚಕ್ರ ಮತ್ತು ಅಚ್ಚು 5, ಬಣ್ಣ 3, ದಾರ 1, ಪೆಟ್ಟಿಗೆ ಮತ್ತು ಕಾಗದ 4. ಒಟ್ಟು 25. ಕೆಟ್ಟುಹೋಗುವ ನಾಲ್ಕನ್ನು ಸೇರಿಸಿದರೆ 27.

ಚಕ್ರದ ಬಗ್ಗೆ ಒಂದು ಮಾತು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಸಣ್ಣ ಭಾಗ ಬಿಡಿಯಾಗಿ ಬರಬಾರದು. ಅದನ್ನು ನೋಡಲು 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಇದೆ, ಆಟಿಕೆ ಸುರಕ್ಷತೆಯ ಮಾನದಂಡಗಳಾದ ಯುರೋಪಿನ ಇಎನ್ 71, ಅಮೆರಿಕದ ಎಎಸ್‌ಟಿಎಂ ಎಫ್963, ಅಂತರರಾಷ್ಟ್ರೀಯ ಐಎಸ್‌ಒ 8124 ಎಲ್ಲದರಲ್ಲೂ ಅದೇ ಅಳತೆ. ಕಿತ್ತುಬಂದ ಭಾಗ ಅದರೊಳಗೆ ಪೂರ್ತಿ ಕೂತರೆ ಆಟಿಕೆ ಫೇಲ್. ಮೊದಲು ನಮ್ಮ ಚಕ್ರ 30 ಮಿಲಿಮೀಟರ್ ಇತ್ತು. ಈಗ 38. ಮರ ಸ್ವಲ್ಪ ಜಾಸ್ತಿ ಹೋಗುತ್ತದೆ, ಆ ಖರ್ಚು ಮೇಲಿನ 5ರಲ್ಲಿ ಸೇರಿದೆ. ಹಣ ಉಳಿಸುವ ಪಟ್ಟಿಗೆ ಇದನ್ನು ಯಾರೂ ತರಬಾರದು ಅಂತ ಆ ಸಾಲಿನ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.

ಕೂಲಿ: ಗಂಟೆಗೆ 40 ಅಂಕ ಅಂತ ಇಟ್ಟುಕೊಂಡೆವು. 62 ನಿಮಿಷಕ್ಕೆ 41. ಸಾಮಾನು ಸೇರಿ 68.

ನೇರವಾಗಿ 100ಕ್ಕೆ ಮಾರಿದರೆ ಹಣ ಪಾವತಿಯ ಶುಲ್ಕ 3 ಹೋಗಿ 29 ಉಳಿಯುತ್ತದೆ. ಬಾಡಿಗೆ, ಕರೆಂಟು, ಇನ್ಶೂರೆನ್ಸ್ ಎಲ್ಲ ಅದರಲ್ಲೇ ಆಗಬೇಕು. ಅಂಗಡಿಗೆ ನಾವು ಕೊಡುವುದು 60ಕ್ಕೆ. ಅಂದರೆ ಅಂಗಡಿಗೆ ಕೊಟ್ಟ ಪ್ರತಿ ಆನೆಗೂ 8 ಅಂಕ ನಷ್ಟ. ಹಳೆಯ 35 ನಿಮಿಷದ ಲೆಕ್ಕದಲ್ಲಿ ಖರ್ಚು 48 ಅನಿಸುತ್ತಿತ್ತು, 60ಕ್ಕೆ ಕೊಟ್ಟರೂ 12 ಉಳಿಯಿತು ಅಂತ ನೆಮ್ಮದಿಯಾಗಿದ್ದೆವು. ಕಳೆದ ವರ್ಷ 500 ಆನೆ ಹೀಗೆ ಕೊಟ್ಟಿದ್ದೇವೆ.

ಇದನ್ನು ನೋಡಿದ ಸಂಜೆ ಇಬ್ಬರೂ ಮುಂದೆ ಕೆಲಸ ಮಾಡಲಿಲ್ಲ. ಮಾತು ಕೊಟ್ಟ ಆರ್ಡರ್‌ಗಳನ್ನು 60ಕ್ಕೇ ಮುಗಿಸಬೇಕು, ಈ ಉಡುಗೊರೆ ಕಾಲ ಕಳೆದ ಮೇಲೆ 70 ಕೇಳಬೇಕು ಅಂತ ತೀರ್ಮಾನ ಮಾಡಿದೆವು. 70ಕ್ಕೆ ಬರುವುದು ಬರೀ 2. ಆದರೆ ಕೂಲಿ ಪೂರ್ತಿ ಸಿಗುತ್ತದೆ.

ಹಂತ 4: ಕಳೆದ ವರ್ಷವನ್ನು ಹಾಳೆಗೆ ಇಳಿಸಿದ್ದು

ಮುಂದಿನ ವರ್ಷ ಊಹಿಸುವ ಮೊದಲು ಹಿಂದಿನದನ್ನು ಸರಿಯಾಗಿ ಬರೆಯೋಣ ಅಂತ ಆರ್ಡರ್ ಪುಸ್ತಕ ತೆಗೆದೆ. ವರ್ಷಕ್ಕೆ 1,500 ಆನೆ. ಅದರಲ್ಲಿ ಉಡುಗೊರೆಯ ಎರಡೇ ತಿಂಗಳಲ್ಲಿ 615, ಶೇಕಡ 41. ಉಳಿದ ಹತ್ತು ತಿಂಗಳಿಗೆ ತಲಾ 88 ಚಿಲ್ಲರೆ. ಪ್ರತಿ ತಿಂಗಳು ಶೇಕಡ 10 ಏರಿದ್ದು ಎಲ್ಲೂ ಇಲ್ಲ. ಹತ್ತು ತಿಂಗಳು ಸಪಾಟು, ಆಮೇಲೆ ಗೋಡೆ ಏರಿದ ಹಾಗೆ ಎರಡು ತಿಂಗಳು.

ನೇರ ಮಾರಾಟ 1,000, ತಲಾ 70 ಉಳಿದು 70,000. ಅಂಗಡಿಗೆ 500, ತಲಾ 33 ಉಳಿದು 16,500. (ಇಲ್ಲಿ ಸಾಮಾನು ಮತ್ತು ಶುಲ್ಕ ಮಾತ್ರ ಕಳೆದಿದ್ದೇನೆ, ಕೂಲಿ ಕಳೆದಿಲ್ಲ.) ಒಟ್ಟು 86,500. ತಿಂಗಳಿಗೆ 2,400ರಂತೆ ಬಾಡಿಗೆ ಮೊದಲಾದ ಸ್ಥಿರ ಖರ್ಚು ವರ್ಷಕ್ಕೆ 28,800. ಉಳಿದದ್ದು 57,700.

ಆಟಿಕೆ ಮಾಡಿದ 1,920 ಗಂಟೆಗೆ ಹಂಚಿದರೆ ಗಂಟೆಗೆ 30. ನಾವು ಅಂದುಕೊಂಡಿದ್ದು 40. ಕೋಣೆಯಲ್ಲಿದ್ದ ಎಲ್ಲ 3,120 ಗಂಟೆಗೆ ಹಂಚಿದರೆ 18.5. ಆರ್ಡರ್ ಇಲ್ಲ ಅಂತಲ್ಲ, ದುಡಿಯಲಿಲ್ಲ ಅಂತಲೂ ಅಲ್ಲ. ಈ 18.5 ನನಗೆ ಇನ್ನೂ ಜೀರ್ಣವಾಗಿಲ್ಲ.

ಸರಿದೂಗುವ ಗೆರೆಯನ್ನೂ, ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟವನ್ನೂ, ಇಲ್ಲೇ ಹಾಕಿದೆ. ತಿಂಗಳಿಗೆ ಕೂಲಿ 6,400, ಸ್ಥಿರ ಖರ್ಚು 2,400, ಸೇರಿ 8,800. ಆನೆಗೆ 70ರಂತೆ 126 ಆನೆ ನೇರವಾಗಿ ಮಾರಬೇಕು. ಕೈಗಳ ಮಿತಿ 154. ನಡುವೆ ಇರುವುದು 28 ಆನೆಯ ಜಾಗ, ಒಬ್ಬರಿಗೆ ಒಂದು ವಾರ ಜ್ವರ ಬಂದರೆ ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋಯಿತು.

ಆದರೆ ಈ ತಿಂಗಳ ಹಾಳೆ ಎಷ್ಟು ತಿದ್ದಿದರೂ ಸಾಲ ಯಾಕೆ ತಂದೆವು ಅನ್ನುವುದನ್ನು ಹೇಳಲಿಲ್ಲ. ನಾವು ಮನೆಗೆ ಒಯ್ಯುವುದು ವಾರಕ್ಕೆ 1,000, ವರ್ಷಕ್ಕೆ 52,000. ಅದು ಹೋದರೂ 5,700 ಉಳಿಯುತ್ತದೆ ಅಂತಲೇ ಹಾಳೆ ಹೇಳುತ್ತಿತ್ತು. ಲಾಭ ಇದೆ ಅನ್ನುತ್ತಿತ್ತು, ಹಣ ಯಾವ ದಿನ ಕೈಯಲ್ಲಿರುತ್ತದೆ ಅನ್ನುತ್ತಿರಲಿಲ್ಲ. ಎರಡನೇ ಹಾಳೆಯನ್ನು ಅಳಿಸಲಿಲ್ಲ, ಪಕ್ಕಕ್ಕಿಟ್ಟೆ.

ಹಂತ 5: ಕಪಾಟು ಎಣಿಸಿದ್ದು

ಉಡುಗೊರೆ ಕಾಲ 12ನೇ ವಾರಕ್ಕೆ ಶುರು, ಒಂಬತ್ತು ವಾರ ಇರುತ್ತದೆ. 615 ಆನೆ ಬೇಕು. ಅದಕ್ಕೆ ಮುಂಚಿನ 11 ವಾರದಲ್ಲಿ 407 ಗಂಟೆ, 393 ಆನೆ ಮಾಡಬಹುದು. ಅದರಲ್ಲಿ 224 ಮಾಮೂಲಿ ಮಾರಾಟಕ್ಕೆ ಹೋಗುತ್ತದೆ, 169 ಕೂಡಿಡಬಹುದು. ಕಾಲ ಶುರುವಾದ ಮೇಲೆ ಪಾರ್ಸೆಲ್ ಕೆಲಸ ಜಾಸ್ತಿ, ಮಾಡುವ ಹೊತ್ತು ವಾರಕ್ಕೆ 22 ಗಂಟೆಗೆ ಇಳಿಯುತ್ತದೆ, ಒಂಬತ್ತು ವಾರಕ್ಕೆ 191 ಆನೆ. ಒಟ್ಟು 360.

ಪುಸ್ತಕದ ಪ್ರಕಾರ ಕಪಾಟಿನಲ್ಲಿ 290 ಇರಬೇಕು. ಎಣಿಸಿದರೆ 260. ಉಳಿದ 30 ಹುಡುಕಲು ಅರ್ಧ ದಿನ ಹೋಯಿತು. 19 ಕೆಟ್ಟವು ಅಂತ ಕೆಳಗಿನ ಡಬ್ಬಕ್ಕೆ ಹಾಕಿ ಬರೆಯದೆ ಬಿಟ್ಟದ್ದು, 11 ಸ್ಯಾಂಪಲ್ ಅಂತ ಕೊಟ್ಟದ್ದು. 260 ಇದ್ದರೆ ಹೊಸದಾಗಿ ಮಾಡಬೇಕಾದದ್ದು 355. ಕೈಗಳಿಂದ ಆಗುವುದು 360. ಐದು ಆನೆ ಹೆಚ್ಚಿಗೆ, ಅಷ್ಟೇ. ಪುಸ್ತಕದ 290ನ್ನೇ ನಂಬಿದ್ದರೆ 35 ಹೆಚ್ಚಿಗೆ ಇದೆ ಅಂದುಕೊಂಡು ಹೊಸ ಆರ್ಡರ್ ಹಿಡಿಯುತ್ತಿದ್ದೆ.

ಹಂತ 6: ವಾರದ ಹಣದ ಹಾಳೆ

ಈಗ ನಿಜವಾಗಿ ಬೇಕಾಗಿದ್ದ ಹಾಳೆ. ಅಡ್ಡಕ್ಕೆ 16 ವಾರ. ಮೇಲೆ ವಾರದ ಶುರುವಿನ ಹಣ, ಆಮೇಲೆ ಬಂದದ್ದು, ಹೋದದ್ದು, ಕೊನೆಗೆ ಉಳಿದದ್ದು. ಉಳಿದದ್ದೇ ಮುಂದಿನ ವಾರದ ಶುರು. ಒಂದೇ ನಿಯಮ: ಬಿಲ್ ಬರೆದ ವಾರದಲ್ಲಿ ಏನನ್ನೂ ಬರೆಯಬಾರದು, ಹಣ ಖಾತೆಗೆ ಬಂದ ಅಥವಾ ಹೋದ ವಾರದಲ್ಲೇ ಬರೆಯಬೇಕು.

ಬಿಲ್ ಬರೆದ ಮೇಲೆ ಹಣ ಕೊಡಲು ಅಂಗಡಿಗಳ ಮಾತು 30 ದಿನ. 14 ಬಿಲ್‌ಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕ ಇಟ್ಟು ದಿನ ಎಣಿಸಿದೆ, ಸರಾಸರಿ 47. ಹಾಳೆಗೆ ಹೋದದ್ದು 47.

ಮಾಮೂಲಿ ವಾರ ಹೀಗಿದೆ. ನೇರ ಮಾರಾಟದಿಂದ 1,320, ಅಂಗಡಿಯಿಂದ 410 ಬರುತ್ತದೆ. ಸ್ಥಿರ ಖರ್ಚು 555 (ಬಾಡಿಗೆ ತಿಂಗಳಿಗೊಮ್ಮೆ ಹೋದರೂ ಅದರ ಪಾಲನ್ನು ವಾರ ವಾರ ಬೇರೆ ಖಾತೆಗೆ ಹಾಕುತ್ತೇವೆ), ಮನೆಗೆ 1,000, ಸಾಮಾನಿಗೆ 550. ಕೂಡಿ ಕಳೆದರೆ ವಾರಕ್ಕೆ 375 ಕಡಿಮೆ ಬೀಳುತ್ತದೆ. ವರ್ಷದ ಹತ್ತು ತಿಂಗಳು ನಾವು ಸುಮ್ನೆ ಕರಗುತ್ತಾ ಇರುತ್ತೇವೆ, ಎರಡು ತಿಂಗಳು ತುಂಬಿಕೊಳ್ಳುತ್ತೇವೆ. ಸಾಲದ ಕಾರಣ ಇಲ್ಲಿ ಸಿಕ್ಕಿತು. ಕರಗಿ ತಳ ಮುಟ್ಟುವ ಹೊತ್ತಿಗೇ ದೊಡ್ಡ ಮರದ ಖರ್ಚು ಬರುತ್ತದೆ, ಅಲ್ವಾ.

ಶುರುವಿನ ಹಣ 12,000. 355 ಆನೆಯ ಸಾಮಾನು, ಪೆಟ್ಟಿಗೆ ಬಿಟ್ಟು, ತಲಾ 23ರಂತೆ ಸುಮಾರು 8,160, ಎರಡನೇ ವಾರ ಕೊಡಬೇಕು. ಪೆಟ್ಟಿಗೆ 500ಕ್ಕಿಂತ ಕಡಿಮೆ ಕೊಡುವುದಿಲ್ಲ, 2,000, ಐದನೇ ವಾರ.

11ನೇ ವಾರದ ಕೊನೆಗೆ ಮೈನಸ್ 285 ಅಂತ ಬಂತು. 285 ತಾನೇ, ಹೇಗೋ ಹೊಂದಿಸೋಣ ಅಂತ ಮಲಗಿದೆ.

ಅದು ತಪ್ಪು ಸಂಖ್ಯೆ. ಪೆಟ್ಟಿಗೆಯ ಸಾಲನ್ನು ನಾನು ಕೊನೆಯಲ್ಲಿ ಸೇರಿಸಿದ್ದೆ, 11ನೇ ಸಾಲಿನಲ್ಲಿ. ಮೊತ್ತದ ಸೂತ್ರ 6ರಿಂದ 10ನೇ ಸಾಲಿನವರೆಗೆ ಮಾತ್ರ ಕೂಡುತ್ತಿತ್ತು. ಸಂಖ್ಯೆ ಕಣ್ಣಿಗೆ ಕಾಣುತ್ತಿತ್ತು, ಮೊತ್ತದಲ್ಲಿ ಇರಲಿಲ್ಲ. ಮಾರನೇ ದಿನ ಅಕ್ಕ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಕೂಡಿ ನೋಡಿದಾಗ ಸಿಕ್ಕಿತು. ನಿಜವಾದದ್ದು ಮೈನಸ್ 2,285.

ಅಂದಿನಿಂದ ಹಾಳೆಯ ತಳದಲ್ಲಿ ಒಂದು ಪರೀಕ್ಷೆ ಸಾಲು ಇದೆ. ಶುರುವಿನ ಹಣಕ್ಕೆ ಎಲ್ಲ ವಾರ ಬಂದದ್ದನ್ನು ಸಾಲುಸಾಲಾಗಿ ಬೇರೆಯೇ ಕೂಡಿ, ಹೋದದ್ದನ್ನು ಕಳೆದು, ಕೊನೆಯ ವಾರದ ಉಳಿಕೆಗೆ ಹೋಲಿಸುತ್ತದೆ. ಸೊನ್ನೆ ಬರದಿದ್ದರೆ ಕೆಂಪಾಗುತ್ತದೆ. ಜೊತೆಗೆ ಊಹೆಯ ಸಂಖ್ಯೆಗಳನ್ನೆಲ್ಲ (23, 47 ದಿನ, 1,000, ಹೀಗೆ) ಬೇರೆ ಹಾಳೆಗೆ ಒಯ್ದು ಹಳದಿ ಬಣ್ಣ ಹಾಕಿದೆ. ಸೂತ್ರದೊಳಗೆ ಕೈಯಾರೆ ಸಂಖ್ಯೆ ಬರೆಯುವುದನ್ನು ನಿಲ್ಲಿಸಿದೆ.

ಹಂತ 7: ಗುಂಡಿ ಮುಚ್ಚಲು ಹೊರಟದ್ದು

ಎಲ್ಲಿಯವರೆಗೆ ಇಳಿದರೆ ಸರಿ ಅಂತ ಮೊದಲು ಗೆರೆ ಹಾಕಿದೆವು. ಒಂದು ತಿಂಗಳ ಸ್ಥಿರ ಖರ್ಚು, ಎರಡು ವಾರ ಮನೆಗೆ ಒಯ್ಯುವ ಹಣ, ಸೇರಿ 4,400.

ಮೊದಲ ಪ್ರಯತ್ನ: ಮರದವರ ಹತ್ತಿರ ಮಾತಾಡಿ ಸಾಮಾನನ್ನು ಎರಡು ಪಾಲು ಮಾಡಿದೆವು. ಅರ್ಧ ಎರಡನೇ ವಾರ, 4,080 ಆಗಲೇ ಕೊಡುವುದು. ಇನ್ನರ್ಧ ಎಂಟನೇ ವಾರ ತರುವುದು, ಹಣ 12ನೇ ವಾರ. 11ನೇ ವಾರ ಪ್ಲಸ್ 1,795 ಆಯಿತು. ನಾನು ಹಾಳೆ ಮುಚ್ಚುವುದರಲ್ಲಿದ್ದೆ. "ಪಕ್ಕದ ಕಾಲಂ ನೋಡು" ಅಂದಳು ಅಕ್ಕ. 12ನೇ ವಾರ 580. ಗುಂಡಿ ಮುಚ್ಚಿರಲಿಲ್ಲ, ಒಂದು ವಾರ ಆಚೆ ಸರಿದಿತ್ತು. ನಾನು ನೋಡುತ್ತಿದ್ದದ್ದು ಮೊದಲು ಕೆಂಪಾಗಿದ್ದ ಮನೆಯನ್ನು ಮಾತ್ರ.

ಎರಡನೆಯದು: ಆ 4,080ನ್ನು 12 ಮತ್ತು 14ನೇ ವಾರಕ್ಕೆ 2,040ರಂತೆ ಹಂಚಲು ಒಪ್ಪಿಸಿದೆವು. 12ನೇ ವಾರ 2,620 ಆಯಿತು. ಈಗ ತಳ ಮತ್ತೆ 11ನೇ ವಾರದ 1,795.

ಮೂರನೆಯದು: ಏಳನೇ ವಾರ 40 ಆನೆಗೆ ಮುಂಗಡ ಆರ್ಡರ್, ಅರ್ಧ ಹಣ ಈಗಲೇ. 2,000 ಬಂತು. ಅಕ್ಕನಿಗೆ ಇದು ಇಷ್ಟವಿರಲಿಲ್ಲ. "ಹಣ ಬಂತು ಅಂತ ಖುಷಿ ಪಡಬೇಡ. ಆನೆ ಕೈಗೆ ಕೊಡೋವರೆಗೂ ಅದು ಅವರದ್ದು" ಅಂದಳು. ಅವಳು ಹೇಳಿದ್ದು ಸರಿ, ಅದಕ್ಕೇ 40ಕ್ಕೆ ನಿಲ್ಲಿಸಿದೆವು. ಇಲ್ಲೂ ಒಂದು ತಪ್ಪು ಮಾಡಿದೆ. ಈ 2,000ನ್ನು ಮುಂದಿನ ಮಾರಾಟದಿಂದ ಕಳೆಯಲು ಮರೆತೆ, ಒಂದೇ ಹಣ ಎರಡು ಸಲ ಲೆಕ್ಕಕ್ಕೆ ಬಂತು. ಈಗ ಉಡುಗೊರೆಯ ಒಂಬತ್ತು ವಾರದಿಂದಲೂ ತಲಾ 222 ಕಳೆದಿದ್ದೇನೆ.

ನಾಲ್ಕನೆಯದು: 7ರಿಂದ 11ನೇ ವಾರದವರೆಗೆ ಮನೆಗೆ 1,000 ಬದಲು 800. ಐದು ವಾರಕ್ಕೆ 1,000 ಉಳಿಯಿತು.

ಎಲ್ಲ ಸೇರಿ 11ನೇ ವಾರ 4,795, 12ನೇ ವಾರ 5,398. ಗೆರೆಗಿಂತ ಮೇಲೆ.

ಈ 12ನೇ ವಾರದ ಸಂಖ್ಯೆಯ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಉಡುಗೊರೆ ಕಾಲದ ನೇರ ಮಾರಾಟವನ್ನು ವಾರಕ್ಕೆ 4,420ರಂತೆ ಸಮನಾಗಿ ಹಂಚಿದ್ದೇನೆ, ಆದರೆ ಮೊದಲ ವಾರ ಜನ ನೋಡುತ್ತಾರೆ, ಕೊಳ್ಳುವುದು ಆಮೇಲೆ. ಅದಕ್ಕೆ ಆ ವಾರಗಳಲ್ಲಿ ಅಂಗಡಿಯ ಹಣವನ್ನು ಸೊನ್ನೆ ಅಂತಲೇ ಇಟ್ಟೆ. ಮಾರಾಟ ಅಂದಾಜಿನ ಶೇಕಡ 80 ಮತ್ತು 60 ಆದರೆ ಏನಾಗುತ್ತದೆ ಅಂತಲೂ ನೋಡಿದೆ. 80ರಲ್ಲಿ ತಳ 4,514. 60ರಲ್ಲಿ 14ನೇ ವಾರಕ್ಕೆ 3,340. ಗೆರೆಗಿಂತ ಕೆಳಗೆ ಇಳಿಯುತ್ತದೆ, ಮೈನಸ್‌ಗೆ ಹೋಗುವುದಿಲ್ಲ. ಈ ವರ್ಷ ಮಾಡಬೇಕೆಂದಿದ್ದ ಹೊಸ ಆಮೆಯನ್ನು ಮುಂದಕ್ಕೆ ಹಾಕಿದೆವು. ಹೊಸ ಮಾದರಿ ಅಂದರೆ ಮತ್ತೆ ಸುರಕ್ಷತೆಯ ಪರೀಕ್ಷೆ, ಅದರ ಹಣ ಒಂದೇ ಸಲ ಕಟ್ಟಬೇಕು.

ಹಂತ 8: ಎಂಟನೇ ವಾರ, ಚಕ್ರಗಳು

ಹಾಳೆ ಸರಿಯಾಯಿತು. ಮರ ಸರಿಯಾಗಲಿಲ್ಲ.

ಪ್ರತಿ ವರ್ಷ ಮರ ತಂದರೆ ನಡುವೆ ಪಟ್ಟಿ ಇಟ್ಟು ಜೋಡಿಸಿ ನಾಲ್ಕು ವಾರ ಕೋಣೆಯಲ್ಲೇ ಬಿಡುತ್ತೇವೆ. ಆಮೇಲೆ ಕತ್ತರಿಸುವುದು. ಮೊದಲ ಪಾಲು ಹಾಗೇ ಆಯಿತು. ಎರಡನೇ ಪಾಲು ಎಂಟನೇ ವಾರ ಬಂತು. ಚಕ್ರ ಕತ್ತರಿಸುವ ಯಂತ್ರವನ್ನು ಆಗ ತಾನೇ ಹೊಂದಿಸಿದ್ದೆ. ಮತ್ತೆ ಬಿಚ್ಚಿ ಹೊಂದಿಸುವುದು ಬೇಡ, ಒಟ್ಟಿಗೇ ಮುಗಿಸೋಣ ಅಂತ ಬಂದ ಐದನೇ ದಿನಕ್ಕೇ ಹೊಸ ಹಲಗೆಗಳಿಂದ 60 ಆನೆಯ 240 ಚಕ್ರ ಕತ್ತರಿಸಿ, ತೂತು ಕೊರೆದು, ಉಜ್ಜಿ ಇಟ್ಟೆ.

ನಾಲ್ಕು ದಿನ ಕಳೆದು ಡಬ್ಬ ತೆಗೆದಾಗ ಮೊದಲನೇ ಚಕ್ರ ಚೆನ್ನಾಗಿತ್ತು. ಎರಡನೆಯದನ್ನು ಬೆಳಕಿಗೆ ಹಿಡಿದರೆ ಅಚ್ಚಿನ ತೂತಿನಿಂದ ಅಂಚಿನವರೆಗೆ ಕೂದಲೆಳೆಯಷ್ಟು ಸಣ್ಣ ಗೆರೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಒಂದೊಂದನ್ನೇ ನೋಡುತ್ತಾ ಹೋದೆ. ಬಿರುಕು ಬಿಡದವು ಮೇಜಿನ ಮೇಲೆ ಉರುಳಿಸಿದರೆ ಓಲಾಡುತ್ತಿದ್ದವು, ಒಂದು ಕಡೆ ಕುಗ್ಗಿ ಮೊಟ್ಟೆಯಂತಾಗಿದ್ದವು. ತೇವ ಅಳೆಯುವ ಮೀಟರ್ ಮೊಳೆಗೆ ನೇತುಹಾಕಿಯೇ ಇತ್ತು, ಆ ದಿನ ನಾನು ಅದನ್ನು ಮುಟ್ಟಿರಲಿಲ್ಲ. ಈಗ ಉಳಿದ ಹಲಗೆಗೆ ಹಿಡಿದರೆ ಶೇಕಡ 16. ನಾವು ಕೆಲಸಕ್ಕೆ ತೆಗೆದುಕೊಳ್ಳುವುದು 10ರ ಆಸುಪಾಸಿನಲ್ಲಿ.

240 ಚಕ್ರವನ್ನೂ ಬಿಟ್ಟೆವು. ಓಲಾಡುವವನ್ನು ಮತ್ತೆ ತಿರುಗಿಸಿ ಸಣ್ಣ ಮಾಡೋಣವೇ ಅಂತ ಯೋಚಿಸಿದೆ, 31.7ರ ಹತ್ತಿರ ಹೋಗುತ್ತದೆ, ಬೇಡ. ಬೇರೆ ಸಾಮಾನು 300, ಸ್ಯಾಂಡಿಂಗ್ ಬೆಲ್ಟ್ 130, ಒಟ್ಟು 430. ಕೆಲಸ 9 ಗಂಟೆ. ಹಣಕ್ಕಿಂತ ಆ 9 ಗಂಟೆಯೇ ದೊಡ್ಡದು. ಅದು ಸುಮಾರು 9 ಆನೆ, ನಮ್ಮ ಹತ್ತಿರ ಹೆಚ್ಚಿಗೆ ಇದ್ದದ್ದು 5.

ಖರೀದಿಯನ್ನು ಎಂಟನೇ ವಾರಕ್ಕೆ ತಳ್ಳಿದಾಗ ಹಾಳೆಯಲ್ಲಿ ಬದಲಾದದ್ದು ಹಣದ ಸಾಲು ಒಂದೇ. ಮರ ಕೋಣೆಯಲ್ಲಿ ಕೂರುವ ನಾಲ್ಕು ವಾರಕ್ಕೆ ಅಲ್ಲಿ ಸಾಲೇ ಇರಲಿಲ್ಲ. ನಾನು ಅದನ್ನು ನಾಲ್ಕು ವರ್ಷದಿಂದ ಕೈಯಾರೆ ಮಾಡುತ್ತಿದ್ದೇನೆ, ಆದರೂ ಲೆಕ್ಕ ಮಾಡುವಾಗ ನೆನಪಾಗಲಿಲ್ಲ. ಈಗ ಹಾಳೆಯ ಮೇಲ್ಗಡೆ ಎರಡು ಸಾಲು ಸೇರಿಸಿದ್ದೇನೆ: ಮರ ಬಂದ ವಾರ, ಮರ ಕತ್ತರಿಸಬಹುದಾದ ವಾರ. ಎರಡನೆಯದು ಮೊದಲನೆಯದಕ್ಕೆ 4 ಕೂಡಿಸಿದ್ದು, ಅದನ್ನು ಯಾರೂ ತಿದ್ದದ ಹಾಗೆ ಲಾಕ್ ಮಾಡಿದ್ದೇನೆ. ಎರಡನೇ ಪಾಲನ್ನು 12ನೇ ವಾರದವರೆಗೆ ಮುಟ್ಟುವುದಿಲ್ಲ. ಕೆಟ್ಟ ಚಕ್ರಗಳ ಬದಲಿಗೆ ಬೇರೆ ಒಣ ಹಲಗೆ ತಂದು ಕತ್ತರಿಸುತ್ತಿದ್ದೇವೆ, ಈ ಸಲ ಪ್ರತಿ ಹಲಗೆಗೂ ಮೀಟರ್ ಹಿಡಿದು, ಸಂಖ್ಯೆಯನ್ನು ಹಲಗೆಯ ತುದಿಯಲ್ಲೇ ಪೆನ್ಸಿಲ್‌ನಲ್ಲಿ ಬರೆದು.

ಹಂತ 9: 9ನೇ ವಾರದ ಕೊನೆ

ಪ್ರತಿ ವಾರದ ಕೊನೆಗೆ ಅಂದಾಜಿನ ಕೆಳಗೆ ನಿಜವಾದದ್ದನ್ನು ಬರೆಯುತ್ತೇವೆ, ಅಂದಾಜನ್ನು ಅಳಿಸುವುದಿಲ್ಲ. ಮೊದಲ ಎರಡು ವಾರ ನಾನು ಅಂದಾಜಿನ ಮೇಲೆಯೇ ನಿಜವಾದದ್ದನ್ನು ಬರೆದುಬಿಟ್ಟಿದ್ದೆ, ಹಾಗಾಗಿ ಆ ಎರಡು ವಾರ ಎಷ್ಟು ತಪ್ಪಿತ್ತು ಅಂತ ಈಗ ಹೇಳಲು ಆಗುವುದಿಲ್ಲ.

9ನೇ ವಾರದ ಅಂದಾಜು 5,145. ಖಾತೆಯಲ್ಲಿರುವುದು 3,845. ವ್ಯತ್ಯಾಸ 1,300. ಅದರಲ್ಲಿ 430 ಚಕ್ರದ್ದು. ಉಳಿದ 870 ಒಂದು ಅಂಗಡಿಯ ಬಿಲ್, 53 ದಿನವಾಯಿತು, ಇನ್ನೂ ಬಂದಿಲ್ಲ. ನೇರ ಮಾರಾಟ, ಪೆಟ್ಟಿಗೆ, ಮುಂಗಡ ಎಲ್ಲ ಅಂದಾಜಿನಂತೆಯೇ ಇದೆ. ಸರಾಸರಿ 47 ಅಂದರೆ ಕೆಲವು ಬಿಲ್ 47ಕ್ಕಿಂತ ತಡವಾಗಿಯೇ ಬರುತ್ತದೆ, ಅದನ್ನು ಆಗಲೇ ಯೋಚಿಸಬೇಕಿತ್ತು. 14 ಬಿಲ್‌ಗಳಲ್ಲಿ ತೀರಾ ತಡವಾದದ್ದು 61 ದಿನ. ಇನ್ನು ಮುಂದೆ ಹಾಳೆಗೆ ಹೋಗುವುದು 61.

ಆನೆಗಳ ಲೆಕ್ಕದಲ್ಲಿ 4 ಕಡಿಮೆ. ಅಕ್ಕ 10ನೇ ವಾರ ಎರಡು ದಿನ ಎರಡೆರಡು ಗಂಟೆ ಹೆಚ್ಚಿಗೆ ಕೂರುತ್ತೇನೆ ಅಂದಿದ್ದಾಳೆ. ಆ ನಾಲ್ಕು ಗಂಟೆಯನ್ನೂ ಕೂಲಿಯ ಸಾಲಿನಲ್ಲಿ ಬರೆದಿದ್ದೇನೆ.

ನಾಳೆ ಅವಳೇ ಆ ಅಂಗಡಿಗೆ ಹೋಗಿ ಬರುತ್ತಾಳೆ. 870 ಬಂದರೆ 11ನೇ ವಾರ 4,365, ನಮ್ಮ ಗೆರೆಗೆ 35 ಕಡಿಮೆ. ಬರದಿದ್ದರೆ 3,495. ಎರಡನ್ನೂ ಪಕ್ಕಪಕ್ಕ ಬರೆದಿಟ್ಟು ಹಾಳೆ ಮುಚ್ಚಿದ್ದೇನೆ. ಬೆಳಗ್ಗೆ ಮೊದಲು ಚಕ್ರ ಕೊರೆಯುವ ಕೆಲಸ ಇದೆ.